ಹೊಟ್ಟೆಯೊಳಗಿನ ಮಗುವಿನ ಅಪರೂಪದ ದೋಷಗಳ ಪತ್ತೆ: ಯಾವ ಸ್ಕ್ಯಾನ್, ಯಾವ ವಾರ, ಯಾರ ಕೈಯಲ್ಲಿ

ಬಸಿರಿನ ಮೂರನೇ ತಿಂಗಳು ತುಂಬುವ ಹೊತ್ತಿಗೆ ತಾಯಿ ಕಾರ್ಡಿನ ಜೊತೆಗೆ ಪರೀಕ್ಷೆಯ ಚೀಟಿಗಳೂ ಸೇರತೊಡಗುತ್ತವೆ. ಎನ್‌ಟಿ ಸ್ಕ್ಯಾನ್, ಡಬಲ್ ಮಾರ್ಕರ್, ಎನ್‌ಐಪಿಟಿ, ಅನಾಮಲಿ ಸ್ಕ್ಯಾನ್, ಫೀಟಲ್ ಎಕೋ, 4ಡಿ ಎಂಬ ಹೆಸರುಗಳನ್ನು ಒಂದರ ಹಿಂದೊಂದು ಕೇಳಿಸಿಕೊಂಡ ದಂಪತಿಗಳು ಕೇಳುವ ಪ್ರಶ್ನೆಗಳು ಬಹುತೇಕ ಒಂದೇ ಬಗೆಯವು. ಇವೆಲ್ಲ ನಮಗೆ ಬೇಕೇ? ಯಾವುದನ್ನು ಬಿಟ್ಟರೂ ನಡೆದೀತು? ದುಬಾರಿ ರಕ್ತಪರೀಕ್ಷೆ ಮಾಡಿಸಿದ ಮೇಲೆ ಮತ್ತೆ ಸ್ಕ್ಯಾನ್ ಯಾಕೆ? ನಮ್ಮೂರಿನ ಸ್ಕ್ಯಾನಿಂಗ್ ಸೆಂಟರಿನಲ್ಲೇ ಮುಗಿಸಬಹುದೇ, ದೊಡ್ಡ ಊರಿಗೆ ಹೋಗಲೇಬೇಕೇ? ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಣ, ರಜೆ, ಓಡಾಟದ ಶಕ್ತಿ ಇವುಗಳಲ್ಲಿ ಯಾವುದೂ ಧಾರಾಳವಾಗಿಲ್ಲದ ಕುಟುಂಬವು ಇರುವುದನ್ನೆಲ್ಲ ಐದನೇ ತಿಂಗಳ ಸ್ಕ್ಯಾನನ್ನು, ಅಂದರೆ ಮಗುವಿನ ಅಂಗಾಂಗಗಳ ರಚನೆಯನ್ನು ನೋಡುವ ಅನಾಮಲಿ ಸ್ಕ್ಯಾನನ್ನು, ಸರಿಯಾದ ವಾರದಲ್ಲಿ, ಪಳಗಿದ ಕೈಯಲ್ಲಿ ಮಾಡಿಸುವುದಕ್ಕೆ ಮೀಸಲಿಡಬೇಕು. ಉಳಿದ ಪರೀಕ್ಷೆಗಳನ್ನು ಅದರ ಸುತ್ತ ಜೋಡಿಸಿಕೊಳ್ಳಬಹುದು.

ಹುಟ್ಟುವ ನೂರು ಮಕ್ಕಳಲ್ಲಿ ಸುಮಾರು ಎರಡು ಮೂರು ಮಕ್ಕಳಿಗೆ ಗಮನಿಸಲೇಬೇಕಾದ ಹುಟ್ಟುದೋಷ ಇರುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಅವುಗಳಲ್ಲಿ ಹೆಚ್ಚಿನವು ಅಪರೂಪವೇ. ಎದೆ ಮತ್ತು ಹೊಟ್ಟೆಯನ್ನು ಬೇರ್ಪಡಿಸುವ ಸ್ನಾಯುವಿನ ಪರದೆಯಾದ ವಪೆಯಲ್ಲಿ ರಂಧ್ರ ಉಳಿದು ಹೊಟ್ಟೆಯ ಅಂಗಗಳು ಎದೆಗೂಡಿಗೆ ಏರುವ ದೋಷ ಎರಡೂವರೆ ಮೂರು ಸಾವಿರ ಮಕ್ಕಳಲ್ಲಿ ಒಂದಕ್ಕೆ ಬರುತ್ತದೆ. ಎಲುಬುಗಳ ಬೆಳವಣಿಗೆಯೇ ಕುಂಠಿತವಾಗುವ ಮಾರಕ ಸ್ಥಿತಿಗಳು ಅದಕ್ಕಿಂತಲೂ ವಿರಳ. ಎಲ್ಲವನ್ನೂ ಕೂಡಿಸಿದಾಗ ಮಾತ್ರ ಪ್ರತಿ ಊರಿನಲ್ಲೂ ಇಂಥ ಒಂದು ಮನೆ ಇರುತ್ತದೆ. ಅವುಗಳಲ್ಲಿ ಬಹುಪಾಲು ಕುಟುಂಬದಲ್ಲಿ ಹಿಂದೆ ಯಾರಿಗೂ ತೊಂದರೆಯಿಲ್ಲದ, ವಯಸ್ಸೂ ಹೆಚ್ಚಾಗಿರದ ತಾಯಂದಿರ ಬಸಿರಿನಲ್ಲೇ ಕಾಣಿಸಿಕೊಳ್ಳುತ್ತವೆ. ಆದ್ದರಿಂದ "ನಮ್ಮ ಮನೆತನದಲ್ಲಿ ಅಂಥದ್ದೇನೂ ಇಲ್ಲ" ಎಂಬ ಸಮಾಧಾನದ ಮೇಲೆ ಸ್ಕ್ಯಾನ್ ಬಿಡುವುದು ಸರಿಯಲ್ಲ.

ಹೋಲಿಸುವ ಮುನ್ನ ಅಳತೆಗೋಲು

ಯಾವ ಪರೀಕ್ಷೆ ಮೇಲು ಎಂದು ಕೇಳುವ ಮೊದಲು, ಅದು ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಎಂದು ಕೇಳಬೇಕು. ಮಗುವಿನ ದೇಹರಚನೆ ಸರಿಯಿದೆಯೇ ಎಂಬುದು ಒಂದು ಪ್ರಶ್ನೆ. ವರ್ಣತಂತುಗಳ (ಕ್ರೋಮೋಸೋಮುಗಳ) ಸಂಖ್ಯೆ ಸರಿಯಿದೆಯೇ ಎಂಬುದು ಎರಡನೆಯದು. ಯಾವುದೋ ಒಂದು ವಂಶವಾಹಿಯಲ್ಲಿ (ಜೀನಿನಲ್ಲಿ) ಅಕ್ಷರದೋಷದಂಥ ಬದಲಾವಣೆ ಇದೆಯೇ ಎಂಬುದು ಮೂರನೆಯದು. ಅಲ್ಟ್ರಾಸೌಂಡ್ ಮೊದಲನೆಯದಕ್ಕೆ ಉತ್ತರ ಕೊಡುತ್ತದೆ, ತಾಯಿಯ ರಕ್ತದ ಪರೀಕ್ಷೆಗಳು ಎರಡನೆಯದರ ಸಾಧ್ಯತೆಯನ್ನು ಹೇಳುತ್ತವೆ, ಮೂರನೆಯದಕ್ಕೆ ಗರ್ಭಜಲ ಅಥವಾ ಮಾಸಿನ ಚೂರು ಬೇಕು. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ. ಗೊಂದಲದ ಅರ್ಧ ಭಾಗ ಹುಟ್ಟುವುದೇ ಇದನ್ನು ಯಾರೂ ಬಿಡಿಸಿ ಹೇಳದಿರುವುದರಿಂದ.

ಎರಡನೆಯ ಅಳತೆಗೋಲು ಸಮಯ. ವೈದ್ಯರು ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಮನೆಯಲ್ಲಿ ಹೇಳುವ "ಐದನೇ ತಿಂಗಳು" ಸುಮಾರು 18ರಿಂದ 22ನೇ ವಾರ. ಒಂದು ಪರೀಕ್ಷೆ ಎಷ್ಟು ಬೇಗ ಉತ್ತರ ಕೊಡುತ್ತದೆ ಎನ್ನುವುದರ ಜೊತೆಗೆ, ಉತ್ತರ ಬಂದ ಮೇಲೆ ಮುಂದಿನ ಪರೀಕ್ಷೆಗೆ, ತಜ್ಞರ ಭೇಟಿಗೆ, ಮನೆಯವರು ಕೂತು ಯೋಚಿಸುವುದಕ್ಕೆ ಎಷ್ಟು ವಾರ ಉಳಿಯುತ್ತದೆ ಎಂಬುದನ್ನೂ ನೋಡಬೇಕು. ಮೂರನೆಯದು ಕೈ. ರಕ್ತಪರೀಕ್ಷೆಯನ್ನು ಯಂತ್ರ ಮಾಡುತ್ತದೆ, ಸ್ಕ್ಯಾನನ್ನು ಮನುಷ್ಯ ಮಾಡುತ್ತಾನೆ. ಅದೇ ಯಂತ್ರ, ಅದೇ ವಾರ, ಅದೇ ಮಗು ಇದ್ದರೂ ಇಬ್ಬರು ಕಾಣುವುದು ಒಂದೇ ಆಗಿರುವುದಿಲ್ಲ. ನಾಲ್ಕನೆಯದು, ಫಲಿತಾಂಶದಿಂದ ನೀವು ಏನು ಮಾಡಲಿದ್ದೀರಿ ಎಂಬುದು. ಕೆಲವರಿಗೆ ಬಸಿರನ್ನು ಮುಂದುವರಿಸುವ ಬಗ್ಗೆ ನಿರ್ಧರಿಸಬೇಕಿರುತ್ತದೆ. ಕೆಲವರು ಏನೇ ಇದ್ದರೂ ಮುಂದುವರಿಸುವವರು, ಆದರೆ ಹೆರಿಗೆ ಎಲ್ಲಿ ಆಗಬೇಕು ಎಂದು ತಿಳಿಯಬೇಕಿರುತ್ತದೆ. ಎರಡನೆಯ ಗುಂಪಿನವರು "ಹೇಗೂ ಮಗು ಬೇಕು, ಸ್ಕ್ಯಾನ್ ಯಾಕೆ" ಎಂದು ಕೇಳುವುದನ್ನು ಕಂಡಿದ್ದೇನೆ. ನಿಜವಾಗಿ ಸ್ಕ್ಯಾನಿನಿಂದ ಅತಿ ಹೆಚ್ಚು ಪ್ರಯೋಜನ ಪಡೆಯಬಲ್ಲವರು ಅವರೇ. ಕೊನೆಯದು ಖರ್ಚು ಮತ್ತು ಅಪಾಯ. ಅಲ್ಟ್ರಾಸೌಂಡಿನಲ್ಲಿ ಎಕ್ಸ್‌ರೇಯಂಥ ವಿಕಿರಣವಿಲ್ಲ. ಗರ್ಭಜಲ ಅಥವಾ ಮಾಸಿನ ಚೂರು ತೆಗೆಯಲು ಸೂಜಿ ಹಾಕುವ ಪರೀಕ್ಷೆಗಳಲ್ಲಿ ಗರ್ಭಪಾತದ ಸಣ್ಣ ಅಪಾಯವಿದೆ.

ಎನ್‌ಟಿ ಸ್ಕ್ಯಾನ್

11ನೇ ವಾರದಿಂದ 13 ವಾರ 6 ದಿನಗಳ ಒಳಗೆ, ಮಗುವಿನ ತಲೆಯಿಂದ ಪೃಷ್ಠದವರೆಗಿನ ಉದ್ದ 45ರಿಂದ 84 ಮಿಲಿಮೀಟರ್ ಇರುವಾಗ ಮಾತ್ರ ಇದಕ್ಕೆ ಅರ್ಥ. ಕತ್ತಿನ ಹಿಂಭಾಗದ ಚರ್ಮದ ಕೆಳಗಿರುವ ದ್ರವದ ದಪ್ಪವನ್ನು ಅಳೆಯುತ್ತಾರೆ. 1990ರ ದಶಕದ ಆರಂಭದಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಕಿಪ್ರೋಸ್ ನಿಕೊಲಾಯಿಡಿಸ್ ಮತ್ತು ಸಂಗಡಿಗರು ಈ ಅಳತೆಗೂ, 21ನೇ ವರ್ಣತಂತು ಒಂದು ಹೆಚ್ಚಾಗಿರುವ ಡೌನ್ ಸಿಂಡ್ರೋಮಿಗೂ ಇರುವ ನಂಟನ್ನು ತೋರಿಸಿದ ಮೇಲೆ ಇದು ಜಗತ್ತಿನಾದ್ಯಂತ ರೂಢಿಗೆ ಬಂತು. ದಪ್ಪ 3.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ವರ್ಣತಂತು ದೋಷದ ಜೊತೆಗೆ ಹೃದಯದ ದೋಷ ಹಾಗೂ ಕೆಲವು ಅಪರೂಪದ ಆನುವಂಶಿಕ ಸ್ಥಿತಿಗಳ ಸಾಧ್ಯತೆಯೂ ಏರುತ್ತದೆ.

ಆದರೆ ಕತ್ತಿನ ಅಳತೆಯೊಂದೇ ಈ ಸ್ಕ್ಯಾನಿನ ಲಾಭವೆಂದು ತಿಳಿಯಬಾರದು. ತಲೆಬುರುಡೆಯ ಮೇಲ್ಭಾಗವೇ ಮೂಡದಿರುವುದು, ಮೆದುಳು ಎರಡು ಭಾಗವಾಗಿ ಬೇರ್ಪಡದಿರುವುದು, ಮೂತ್ರಕೋಶ ವಿಪರೀತ ಉಬ್ಬಿರುವುದು, ಹೊಟ್ಟೆಯ ಗೋಡೆ ಮುಚ್ಚದೆ ಕರುಳು ಹೊರಗುಳಿದಿರುವುದು ಇವೆಲ್ಲ ಈ ವಾರಗಳಲ್ಲೇ ಕಾಣಿಸಬಲ್ಲವು. ಇಲ್ಲೊಂದು ಎಚ್ಚರಿಕೆ: 12ನೇ ವಾರದವರೆಗೆ ಕರುಳಿನ ಸ್ವಲ್ಪ ಭಾಗ ಹೊಕ್ಕುಳಬಳ್ಳಿಯ ಬುಡದಲ್ಲಿ ಹೊರಗಿರುವುದು ಸಹಜ ಬೆಳವಣಿಗೆಯೇ, ಆ ಹೊತ್ತಿಗೆ ಮೊದಲೇ ನೋಡಿ ದೋಷವೆಂದು ಬರೆದ ವರದಿ ಬಂದರೆ ಗಾಬರಿಗೊಳ್ಳದೆ ಒಂದೆರಡು ವಾರದ ಬಳಿಕ ಮರಳಿ ನೋಡಿಸಬೇಕು.

ಬೇಗ ತಿಳಿಯುತ್ತದೆ, ಖರ್ಚು ಸಾಧಾರಣ, ನಿರ್ಧಾರಕ್ಕೆ ತಿಂಗಳುಗಟ್ಟಲೆ ಸಮಯ ಉಳಿಯುತ್ತದೆ ಎಂಬುದು ಇದರ ಬಲ. ಮಗು ಇನ್ನೂ ಎಂಟೂವರೆ ಸೆಂಟಿಮೀಟರ್ ಮೀರದ ಜೀವ. ಹೃದಯ, ಮುಖ, ಮೆದುಳಿನ ಸೂಕ್ಷ್ಮ ರಚನೆ ಪೂರ್ತಿ ಕಾಣುವುದಿಲ್ಲ ಎಂಬುದು ಮಿತಿ. ಐದನೇ ತಿಂಗಳ ಸ್ಕ್ಯಾನಿಗೆ ಇದು ಬದಲಿಯಾಗದು.

ರಕ್ತಪರೀಕ್ಷೆಗಳು: ಡಬಲ್ ಮಾರ್ಕರ್ ಮತ್ತು ಎನ್‌ಐಪಿಟಿ

ಎನ್‌ಟಿ ಅಳತೆಯ ಜೊತೆ ತಾಯಿಯ ರಕ್ತದಲ್ಲಿ ಎರಡು ವಸ್ತುಗಳನ್ನು ಅಳೆಯುವ ಡಬಲ್ ಮಾರ್ಕರ್ ಸೇರಿಸಿ ಲೆಕ್ಕ ಹಾಕಿದರೆ ಡೌನ್ ಸಿಂಡ್ರೋಮ್ ಇರುವ ನೂರು ಬಸಿರುಗಳಲ್ಲಿ 85ರಿಂದ 90 ಪತ್ತೆಯಾಗುತ್ತವೆ. ಅದಕ್ಕೆ ಬೆಲೆಯಾಗಿ, ಸರಿಯಿರುವ ನೂರರಲ್ಲಿ ಸುಮಾರು ಐದು ಬಸಿರುಗಳಿಗೆ "ಅಪಾಯ ಹೆಚ್ಚು" ಎಂಬ ಫಲಿತಾಂಶ ಬರುತ್ತದೆ. ಎನ್‌ಐಪಿಟಿ ತಾಯಿಯ ರಕ್ತದಲ್ಲಿ ತೇಲುವ, ಮಾಸಿನಿಂದ ಬಂದ ಡಿಎನ್‌ಎ ಚೂರುಗಳನ್ನು ಎಣಿಸುತ್ತದೆ. 10ನೇ ವಾರದಿಂದ ಮಾಡಬಹುದು, ಡೌನ್ ಸಿಂಡ್ರೋಮ್ ವಿಷಯದಲ್ಲಿ ನೂರಕ್ಕೆ 99ರಷ್ಟು ಪತ್ತೆ ಮಾಡುತ್ತದೆ, ಸುಳ್ಳು ಎಚ್ಚರಿಕೆ ಬಹಳ ಕಡಿಮೆ. ಆದರೂ ಅದು ಜರಡಿ ಹಿಡಿಯುವ ಪರೀಕ್ಷೆ. ದೋಷವಿದೆ ಎಂದು ಬಂದರೆ ಗರ್ಭಜಲದಿಂದ ಖಚಿತಪಡಿಸಿಕೊಳ್ಳದೆ ಯಾವ ನಿರ್ಧಾರಕ್ಕೂ ಬರಬಾರದು.

ಎನ್‌ಐಪಿಟಿ ಸ್ಕ್ಯಾನುಗಳಿಗಿಂತ ಎಷ್ಟೋ ಪಟ್ಟು ದುಬಾರಿ. ಇಷ್ಟು ಕೊಟ್ಟ ಮೇಲೆ ಮಗು ಪೂರ್ತಿ ಸರಿಯಿದೆ ಎಂದು ನಂಬುವುದು ಮನುಷ್ಯ ಸಹಜ, ಮತ್ತು ನನಗೆ ಅತ್ಯಂತ ಕಳವಳ ತರುವ ತಪ್ಪು ತಿಳಿವಳಿಕೆ ಇದೇ. ವಪೆಯ ರಂಧ್ರ, ಬೆನ್ನುಹುರಿ ತೆರೆದಿರುವುದು, ಸೀಳುತುಟಿ, ಹೃದಯದ ಬಹುಪಾಲು ದೋಷಗಳು, ಕೈಕಾಲಿನ ಎಲುಬಿನ ದೋಷಗಳು ವರ್ಣತಂತುಗಳ ಸಂಖ್ಯೆ ಸರಿಯಿದ್ದಾಗಲೂ ಇರಬಲ್ಲವು; ಎನ್‌ಐಪಿಟಿ ವರದಿಯಲ್ಲಿ ಅವುಗಳ ಸುಳಿವೂ ಇರುವುದಿಲ್ಲ. ಎನ್‌ಐಪಿಟಿಗೆ ಹಣ ಹಾಕಿ ಅನಾಮಲಿ ಸ್ಕ್ಯಾನನ್ನು ಹತ್ತು ನಿಮಿಷದಲ್ಲಿ ಎಲ್ಲೋ ಮುಗಿಸಿದ ಕುಟುಂಬ, ಅಪರೂಪದ ದೋಷಗಳ ಮಟ್ಟಿಗೆ ಹಣವನ್ನು ತಲೆಕೆಳಗಾಗಿ ಖರ್ಚು ಮಾಡಿದೆ. ಇನ್ನೊಂದು ಮಾತು: ಎನ್‌ಟಿ 3.5 ಮಿಲಿಮೀಟರ್ ದಾಟಿದ್ದರೆ ಅಥವಾ ಸ್ಕ್ಯಾನಿನಲ್ಲಿ ರಚನೆಯ ದೋಷ ಆಗಲೇ ಕಂಡಿದ್ದರೆ ಎನ್‌ಐಪಿಟಿಯತ್ತ ಹೋಗದೆ ನೇರವಾಗಿ ಸೂಜಿ ಪರೀಕ್ಷೆಯ ಬಗ್ಗೆ ಮಾತಾಡಬೇಕು, ಏಕೆಂದರೆ ಅಂಥಲ್ಲಿ ಹುಡುಕಬೇಕಾದುದು ಎನ್‌ಐಪಿಟಿ ನೋಡುವ ಕೆಲವೇ ವರ್ಣತಂತುಗಳ ಆಚೆಗೂ ಇರಬಹುದು.

ಅನಾಮಲಿ ಸ್ಕ್ಯಾನ್: ಊರಿನ ಸೆಂಟರೋ, ಫೀಟಲ್ ಮೆಡಿಸಿನ್ ತಜ್ಞರೋ

ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಪ್ರತಿ ಗರ್ಭಿಣಿಗೂ 24 ವಾರದೊಳಗೆ ಕನಿಷ್ಠ ಒಂದು ಸ್ಕ್ಯಾನ್ ಆಗಬೇಕೆಂದು ಶಿಫಾರಸು ಮಾಡಿತು. ಆ ಒಂದೇ ಸ್ಕ್ಯಾನ್ ಸಾಧ್ಯ ಎನ್ನುವವರಿಗೆ ನಾನು ಐದನೇ ತಿಂಗಳ ಅನಾಮಲಿ ಸ್ಕ್ಯಾನನ್ನೇ ಹೇಳುವೆ. ತಲೆಯ ಆಕಾರ ಮುಂದೆ ನಿಂಬೆಹಣ್ಣಿನಂತೆ ಚೂಪಾಗಿ, ಹಿಮ್ಮೆದುಳು ಬಾಳೆಹಣ್ಣಿನಂತೆ ಬಾಗಿ ಕಂಡರೆ ಬೆನ್ನುಹುರಿ ತೆರೆದಿರಬಹುದೆಂಬ ಸುಳಿವು. ಜಠರ ಹೃದಯದ ಪಕ್ಕದಲ್ಲಿ ಕಂಡು ಹೃದಯ ಬಲಕ್ಕೆ ಸರಿದಿದ್ದರೆ ವಪೆಯ ದೋಷ. ಎದೆಗೂಡು ಕಿರಿದಾಗಿ ತೊಡೆಯೆಲುಬು ಬಾಗಿದ್ದರೆ ಮಾರಕವಾದ ಎಲುಬಿನ ಕಾಯಿಲೆಯ ಗುಮಾನಿ. ಹೊಟ್ಟೆಯ ಗೋಡೆಯ ದೋಷವನ್ನೇ ತೆಗೆದುಕೊಳ್ಳಿ. ಕರುಳು ಹೊಕ್ಕುಳಬಳ್ಳಿಯ ಪಕ್ಕದಿಂದ, ಸಾಮಾನ್ಯವಾಗಿ ಬಲಗಡೆಯಿಂದ, ಯಾವ ಹೊದಿಕೆಯೂ ಇಲ್ಲದೆ ಹೊರಬಂದಿದ್ದರೆ ಅದು ಗ್ಯಾಸ್ಟ್ರೋಸ್ಕೈಸಿಸ್. ವರ್ಣತಂತು ಬಹುತೇಕ ಸರಿಯಿರುತ್ತದೆ, ಮಕ್ಕಳ ಶಸ್ತ್ರಚಿಕಿತ್ಸೆ ಚೆನ್ನಾಗಿರುವ ಕಡೆ ಹುಟ್ಟಿದರೆ ಹೆಚ್ಚಿನ ಮಕ್ಕಳು ಉಳಿಯುತ್ತಾರೆ. ಅದೇ ಕರುಳೋ ಯಕೃತ್ತೋ ಬಳ್ಳಿಯ ಬುಡದಲ್ಲೇ ಪೊರೆಯೊಳಗೆ ಇದ್ದರೆ ಅದು ಎಕ್ಸಾಂಫಲಸ್. ಹೃದಯದ ಹಾಗೂ ವರ್ಣತಂತುವಿನ ದೋಷ ಜೊತೆಗಿರುವ ಸಾಧ್ಯತೆ ಹೆಚ್ಚು. ಪರದೆಯ ಮೇಲೆ ಎರಡರ ನಡುವಿನ ಅಂತರ ಒಂದು ತೆಳು ಪೊರೆ, ಕುಟುಂಬದ ಪಾಲಿಗೆ ಎರಡು ಬೇರೆ ಭವಿಷ್ಯ.

ಈ ಕಾರಣಕ್ಕೇ ಕೈ ಮುಖ್ಯವಾಗುತ್ತದೆ. 1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಪ್ರಕಟವಾದ ರೇಡಿಯಸ್ ಎಂಬ ದೊಡ್ಡ ಅಧ್ಯಯನದಲ್ಲಿ, 24 ವಾರಕ್ಕೆ ಮೊದಲು ಉನ್ನತ ಮಟ್ಟದ ಕೇಂದ್ರಗಳು ದೋಷವಿದ್ದ ನೂರರಲ್ಲಿ 35 ಮಕ್ಕಳನ್ನು ಗುರುತಿಸಿದರೆ ಉಳಿದ ಕೇಂದ್ರಗಳು ಗುರುತಿಸಿದ್ದು 13. ಯಂತ್ರಗಳು ಅಂದಿನಿಂದ ಬಹಳ ಸುಧಾರಿಸಿವೆ, ಇಂದಿನ ಸಂಖ್ಯೆಗಳು ಎರಡೂ ಕಡೆ ಮೇಲಿರುತ್ತವೆ. ಆದರೆ ಅನುಭವ ಇರುವ ಕೈಗೂ ಇಲ್ಲದ ಕೈಗೂ ನಡುವಿನ ಅಂತರವನ್ನು ಯಂತ್ರ ಅಳಿಸಿಲ್ಲ.

ಹಾಗೆಂದು ಪ್ರತಿಯೊಬ್ಬರೂ ಬೆಂಗಳೂರಿಗೆ ಬಸ್ಸು ಹತ್ತಬೇಕೆಂದು ನಾನು ಹೇಳುತ್ತಿಲ್ಲ. ಜಿಲ್ಲಾ ಕೇಂದ್ರಗಳಲ್ಲೂ ಕೆಲವು ತಾಲೂಕು ಊರುಗಳಲ್ಲೂ ಅತ್ಯಂತ ನಿಷ್ಠೆಯಿಂದ ಸ್ಕ್ಯಾನ್ ಮಾಡುವ ರೇಡಿಯಾಲಜಿಸ್ಟರು ಇದ್ದಾರೆ. ಅವರನ್ನು ಗುರುತಿಸಲು ನೋಡಬೇಕಾದವು ಸರಳ. ಅನಾಮಲಿ ಸ್ಕ್ಯಾನಿಗೆ ಪ್ರತ್ಯೇಕ ಸಮಯ ಕೊಟ್ಟು ಅರ್ಧ ಗಂಟೆಯಾದರೂ ನೋಡುತ್ತಾರೆಯೇ? ಮಗು ಮಗ್ಗುಲಾಗಿ ಅಂಗ ಕಾಣದಿದ್ದರೆ ನಡೆದಾಡಿ ಬರಲು ಹೇಳಿ ಅಥವಾ ಮತ್ತೊಂದು ದಿನ ಕರೆದು ನೋಡುತ್ತಾರೆಯೇ? ವರದಿಯಲ್ಲಿ ಹೃದಯದ ನಾಲ್ಕು ಕೋಣೆಗಳಲ್ಲದೆ ಹೊರಹೋಗುವ ಎರಡು ರಕ್ತನಾಳಗಳು, ಮೇಲ್ದುಟಿ, ಬೆನ್ನುಮೂಳೆ, ವಪೆ, ಎರಡೂ ಮೂತ್ರಪಿಂಡ, ಕೈಕಾಲುಗಳು ಹೆಸರು ಹೆಸರಾಗಿ ನಮೂದಾಗಿವೆಯೇ? ಕಾಣದಿದ್ದುದನ್ನು "ಕಾಣಲಿಲ್ಲ" ಎಂದು ಬರೆಯುವ ಪ್ರಾಮಾಣಿಕತೆ ಇದೆಯೇ? ಎಲ್ಲಕ್ಕೂ "ನಾರ್ಮಲ್" ಎಂದು ಎರಡು ಸಾಲು ಬರೆದ ವರದಿಗಿಂತ "ಮಗುವಿನ ಭಂಗಿಯಿಂದ ಹೃದಯ ಪೂರ್ತಿ ನೋಡಲಾಗಲಿಲ್ಲ, ಎರಡು ವಾರದ ಬಳಿಕ ಬನ್ನಿ" ಎಂದ ವರದಿಯನ್ನು ನಾನು ಹೆಚ್ಚು ನಂಬುತ್ತೇನೆ.

ನೇರವಾಗಿ ಫೀಟಲ್ ಮೆಡಿಸಿನ್ ತಜ್ಞರ, ಅಂದರೆ ಗರ್ಭದೊಳಗಿನ ಮಗುವಿನ ತೊಂದರೆಗಳಲ್ಲೇ ವಿಶೇಷ ಪರಿಣತಿ ಪಡೆದ ವೈದ್ಯರ, ಬಳಿಗೇ ಹೋಗಬೇಕಾದವರೂ ಇದ್ದಾರೆ. ಹಿಂದಿನ ಮಗುವಿಗೆ ಹುಟ್ಟುದೋಷವಿದ್ದವರು, ಬಸಿರಿಗೆ ಮೊದಲೇ ಸಕ್ಕರೆ ಕಾಯಿಲೆ ಇದ್ದವರು, ಫಿಟ್ಸ್ ಔಷಧಿ ತೆಗೆದುಕೊಳ್ಳುತ್ತಿರುವವರು, ಒಂದೇ ಮಾಸನ್ನು ಹಂಚಿಕೊಂಡ ಅವಳಿ ಇರುವವರು, ಎನ್‌ಟಿ ದಪ್ಪವಿದ್ದವರು, ರಕ್ತಸಂಬಂಧದಲ್ಲಿ ಮದುವೆಯಾದವರು. ಇವರಿಗೆ ಊರಿನ ಸ್ಕ್ಯಾನ್ ಮೊದಲು ಮಾಡಿಸಿ ಆಮೇಲೆ ನೋಡೋಣ ಎಂಬುದು ಉಳಿತಾಯವಾಗಿ ಕಂಡರೂ, ವಾರಗಳ ಲೆಕ್ಕದಲ್ಲಿ ನಷ್ಟವೇ.

ವಾರದ ವಿಷಯದಲ್ಲಿ ಒಂದು ನಿಜವಾದ ಹಗ್ಗಜಗ್ಗಾಟವಿದೆ. 21, 22ನೇ ವಾರದಲ್ಲಿ ಹೃದಯ ಮತ್ತು ಮುಖ ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ, ತಾಯಿಯ ಮೈತೂಕ ಹೆಚ್ಚಿದ್ದರೆ ಇದರಿಂದ ಅನುಕೂಲವೂ ಹೌದು. ಆದರೆ ಅಲ್ಲಿ ಏನಾದರೂ ಕಂಡರೆ ಗರ್ಭಜಲದ ಪರೀಕ್ಷೆಗೆ ಎರಡು ಮೂರು ವಾರ ಬೇಕು, ಅಷ್ಟರಲ್ಲಿ ಬಸಿರು ತೆಗೆಯುವ ಕಾನೂನಿನ 24 ವಾರದ ಗಡಿ ದಾಟುತ್ತದೆ. ಹೆಚ್ಚಿನವರಿಗೆ 19ನೇ ವಾರದ ಆಸುಪಾಸು ಸೂಕ್ತವೆಂದು ನನ್ನ ಎಣಿಕೆ. ಆ ದಿನವನ್ನು ಎನ್‌ಟಿ ಸ್ಕ್ಯಾನಿನ ದಿನವೇ ಗೊತ್ತುಮಾಡಿಕೊಳ್ಳಿ. ಹಬ್ಬಕ್ಕೋ ಮನೆಯ ಕಾರ್ಯಕ್ಕೋ ಇದು ಮುಂದಕ್ಕೆ ಹೋಗಬಾರದು.

ಸರಿಯಿದೆ ಎಂಬ ವರದಿ ಬಂದ ಮೇಲೂ ಉಳಿಯುವ ಮಿತಿಗಳನ್ನು ಹೇಳದಿದ್ದರೆ ಈ ಹೋಲಿಕೆ ಅಪೂರ್ಣ. ತುಟಿ ಸರಿಯಿದ್ದು ಅಂಗುಳ ಮಾತ್ರ ಸೀಳಿರುವುದು, ಹೃದಯದ ಸಣ್ಣ ರಂಧ್ರಗಳು, ಗುದದ್ವಾರ ಮುಚ್ಚಿರುವುದು ಬಹಳ ಸಲ ತಪ್ಪಿಹೋಗುತ್ತವೆ. ಅಕಾಂಡ್ರೊಪ್ಲೇಸಿಯಾ ಎಂಬ ಕುಬ್ಜತೆಯಲ್ಲಿ ತೊಡೆಯೆಲುಬು ಹಿಂದೆ ಬೀಳುವುದು ಸಾಮಾನ್ಯವಾಗಿ 24 ವಾರದ ನಂತರ. ಐದನೇ ತಿಂಗಳಲ್ಲಿ ಎಷ್ಟೇ ನುರಿತವರು ನೋಡಿದರೂ ಅಳತೆ ಸರಿಯಾಗಿಯೇ ಬರುತ್ತದೆ. ಬುದ್ಧಿಯ ಬೆಳವಣಿಗೆ, ಕಿವುಡುತನ, ಆಟಿಸಂ ಯಾವ ಸ್ಕ್ಯಾನಿನಲ್ಲೂ ಕಾಣುವುದಿಲ್ಲ. ಅತ್ತ, ಕಂಡರೂ ಹೆದರಬೇಕಿಲ್ಲದ ಗುರುತುಗಳಿವೆ: ಹೃದಯದಲ್ಲಿ ಬಿಳಿ ಚುಕ್ಕೆ, ಮೆದುಳಿನ ಕೋರಾಯ್ಡ್ ಜಾಲದಲ್ಲಿ ಸಣ್ಣ ನೀರ್ಗುಳ್ಳೆ. ಬೇರೇನೂ ದೋಷವಿಲ್ಲದೆ ಇವೊಂದೇ ಇದ್ದು, ರಕ್ತಪರೀಕ್ಷೆಯೂ ಸರಿಯಿದ್ದರೆ ಬಹುತೇಕ ಅವು ನಿರುಪದ್ರವಿ. ಆ ಎರಡು ಪದಗಳಿಗಾಗಿ ನಿದ್ದೆ ಬಿಟ್ಟ ತಾಯಂದಿರ ಸಂಖ್ಯೆ ದೊಡ್ಡದು.

ಫೀಟಲ್ ಎಕೋ ಮತ್ತು 4ಡಿ

ಸಾವಿರ ಮಕ್ಕಳಲ್ಲಿ ಸುಮಾರು ಎಂಟು ಮಕ್ಕಳಿಗೆ ಹೃದಯದ ಹುಟ್ಟುದೋಷ ಇರುತ್ತದೆ. ನನ್ನ ಚಿಕ್ಕಮ್ಮನ ಮಗಳ ಕೂಸು ಅವುಗಳಲ್ಲೊಂದು. ತಾಲೂಕು ಊರೊಂದರಲ್ಲಿ ಆದ ಸ್ಕ್ಯಾನಿನ ವರದಿಯಲ್ಲಿ ಹೃದಯದ ನಾಲ್ಕು ಕೋಣೆಗಳೂ ಸರಿಯಿವೆ ಎಂದಿತ್ತು, ಅದು ಸುಳ್ಳೂ ಆಗಿರಲಿಲ್ಲ. ಮಹಾಧಮನಿ ಮತ್ತು ಶ್ವಾಸಕೋಶಕ್ಕೆ ಹೋಗುವ ಧಮನಿ ಅದಲುಬದಲಾಗಿದ್ದವು. ಆ ದೋಷದಲ್ಲಿ ಕೋಣೆಗಳು ಸಹಜವಾಗಿಯೇ ಕಾಣುತ್ತವೆ, ರಕ್ತನಾಳಗಳು ಹೊರಡುವ ಜಾಗವನ್ನು ನೋಡಿದರೆ ಮಾತ್ರ ತಿಳಿಯುತ್ತದೆ. ಹುಟ್ಟಿದ ಮರುದಿನ ಮಗು ನೀಲಿಗಟ್ಟಿತು, ರಾತ್ರೋರಾತ್ರಿ ಆಂಬುಲೆನ್ಸಿನಲ್ಲಿ ನೂರಾರು ಕಿಲೋಮೀಟರ್ ಪಯಣ. ಶಸ್ತ್ರಚಿಕಿತ್ಸೆಯಾಗಿ ಮಗು ಉಳಿಯಿತು. ಮೊದಲೇ ತಿಳಿದಿದ್ದರೆ ಹೆರಿಗೆಯೇ ಮಕ್ಕಳ ಹೃದಯ ಚಿಕಿತ್ಸೆ ಇರುವ ಆಸ್ಪತ್ರೆಯಲ್ಲಿ ಆಗುತ್ತಿತ್ತು, ಔಷಧಿ ಮೊದಲ ಗಂಟೆಯಲ್ಲೇ ಶುರುವಾಗುತ್ತಿತ್ತು. ಏನೇ ಆದರೂ ಮಗು ಬೇಕು ಎನ್ನುವವರಿಗೆ ಸ್ಕ್ಯಾನಿನ ಪ್ರಯೋಜನವೇನೆಂದು ಮೇಲೆ ಹೇಳಿದ್ದು ಇದೇ ಅನುಭವದಿಂದ.

ಮಗುವಿನ ಹೃದಯವನ್ನಷ್ಟೇ ವಿವರವಾಗಿ ನೋಡುವ ಪ್ರತ್ಯೇಕ ಫೀಟಲ್ ಎಕೋ ಎಲ್ಲರಿಗೂ ಬೇಕೇ? ತಂದೆತಾಯಿ ಅಥವಾ ಮೊದಲ ಮಗುವಿಗೆ ಹೃದಯದೋಷ, ತಾಯಿಗೆ ಮೊದಲಿನಿಂದ ಸಕ್ಕರೆ ಕಾಯಿಲೆ ಅಥವಾ ಲೂಪಸ್ ಎಂಬ ರೋಗನಿರೋಧಕ ವ್ಯವಸ್ಥೆಯ ಕಾಯಿಲೆ, ದಪ್ಪ ಎನ್‌ಟಿ, ಐವಿಎಫ್ ಬಸಿರು, ಅನಾಮಲಿ ಸ್ಕ್ಯಾನಿನಲ್ಲಿ ಸಂಶಯ ಇವುಗಳಲ್ಲಿ ಒಂದಿದ್ದರೆ ಖಂಡಿತ ಬೇಕು. 20ರಿಂದ 24ನೇ ವಾರ ಸೂಕ್ತ. ಯಾವ ಕಾರಣವೂ ಇಲ್ಲದವರು ಎರಡು ಸಲ ಹಣ ಕೊಡುವ ಬದಲು, ಅನಾಮಲಿ ಸ್ಕ್ಯಾನಿನಲ್ಲೇ ಹೊರಹೋಗುವ ರಕ್ತನಾಳಗಳನ್ನು ನೋಡಿ ಬರೆಯುವವರನ್ನು ಆರಿಸಿಕೊಂಡರೆ ಸಾಕು. ಹೃದಯದೋಷವಿರುವ ಮಕ್ಕಳಲ್ಲಿ ಹೆಚ್ಚಿನವರು ಇಂಥ ಕಾರಣವಿಲ್ಲದ ಬಸಿರುಗಳಿಂದಲೇ ಬರುವುದರಿಂದ ಈ ಷರತ್ತನ್ನು ಸಡಿಲಿಸಬಾರದು.

ಚಲಿಸುವ ಮೂರು ಆಯಾಮದ ಚಿತ್ರ ತೋರಿಸುವ 4ಡಿಯಲ್ಲಿ ಮಗುವಿನ ಮುಖ ಕಂಡಾಗ ಆಗುವ ಸಂತೋಷ ದೊಡ್ಡದೇ. ಸೀಳುತುಟಿಯ ವಿಸ್ತಾರ ತಿಳಿಯಲು, ಬೆನ್ನುಮೂಳೆಯ ದೋಷ ಯಾವ ಮಟ್ಟದಲ್ಲಿದೆ ಎಂದು ನೋಡಲು 3ಡಿ ನೆರವಾಗುತ್ತದೆ. ಆದರೆ ದೋಷ ಮೊದಲು ಗುರುತಾಗುವುದು ಕಪ್ಪುಬಿಳುಪಿನ 2ಡಿ ಚಿತ್ರದಲ್ಲಿ. ಜಾಹೀರಾತಿನಲ್ಲಿ 4ಡಿ ಎಂದಿರುವುದರಿಂದ ಆ ಸೆಂಟರ್ ಮೇಲೆಂದು ಭಾವಿಸಬೇಡಿ.

ದೋಷ ಕಂಡ ಮೇಲೆ: ಸೂಜಿ, ಎಂಆರ್‌ಐ, ಮರುಸ್ಕ್ಯಾನ್

ಇಲ್ಲಿ ಆಯ್ಕೆ ಕಠಿಣವಾಗುತ್ತದೆ. ಮಾಸಿನ ಚೂರು ತೆಗೆಯುವ ಸಿವಿಎಸ್ ಪರೀಕ್ಷೆಯನ್ನು 11ರಿಂದ 13ನೇ ವಾರದಲ್ಲಿ, ಗರ್ಭಜಲ ತೆಗೆಯುವ ಆಮ್ನಿಯೋಸೆಂಟೆಸಿಸನ್ನು 15 ವಾರ ತುಂಬಿದ ಮೇಲೆ ಮಾಡುತ್ತಾರೆ. ನುರಿತವರ ಕೈಯಲ್ಲಿ ಗರ್ಭಪಾತದ ಅಪಾಯ ಇನ್ನೂರರಲ್ಲಿ ಒಂದಕ್ಕಿಂತ ಕಡಿಮೆ. ಅದೇ ಮಾದರಿಯಿಂದ ಮೂರು ಬಗೆಯ ಹುಡುಕಾಟ ಸಾಧ್ಯ. ಕ್ಯಾರಿಯೋಟೈಪ್ ಕಡಿಮೆ ಖರ್ಚಿನದು, ವರ್ಣತಂತುಗಳ ಸಂಖ್ಯೆ ಮತ್ತು ದೊಡ್ಡ ಬದಲಾವಣೆಗಳನ್ನಷ್ಟೇ ಕಾಣುತ್ತದೆ. ಮೈಕ್ರೋಅರೇ ವರ್ಣತಂತುವಿನ ಸಣ್ಣ ಚೂರುಗಳ ಕೊರತೆಯನ್ನೂ ಹಿಡಿಯುತ್ತದೆ. ಸ್ಕ್ಯಾನಿನಲ್ಲಿ ದೋಷವಿದ್ದು ಕ್ಯಾರಿಯೋಟೈಪ್ ಸರಿಯೆಂದು ಬಂದ ನೂರರಲ್ಲಿ ಸುಮಾರು ಆರು ಬಸಿರುಗಳಲ್ಲಿ ಅದು ಕಾರಣ ತೋರಿಸಿದೆ. ಎಕ್ಸೋಮ್ ಪರೀಕ್ಷೆ ಬಿಡಿ ವಂಶವಾಹಿಗಳನ್ನು ಓದುತ್ತದೆ, ದುಬಾರಿ, ಅರ್ಥೈಸಲು ಕಷ್ಟ. ರಚನೆಯ ದೋಷ ಕಂಡಿರುವಾಗ ಒಂದಕ್ಕೇ ಹಣವಿದ್ದರೆ ಮೈಕ್ರೋಅರೇ ಮೇಲು ಎಂಬುದು ನನ್ನ ತೂಕ; ಎಲುಬಿನ ಕಾಯಿಲೆಯಂಥ ಒಂದೇ ವಂಶವಾಹಿಯ ಗುಮಾನಿ ಬಲವಾಗಿದ್ದರೆ ಮಾತ್ರ ತಳಿವೈದ್ಯರನ್ನು (ಆನುವಂಶಿಕ ಕಾಯಿಲೆಗಳ ತಜ್ಞರನ್ನು) ಕೇಳಿ ಎಕ್ಸೋಮಿನತ್ತ ಹೋಗಬೇಕು. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿ ವೈದ್ಯಕೀಯ ತಳಿಶಾಸ್ತ್ರ ವಿಭಾಗವಿದೆ, ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ.

ಎಂಆರ್‌ಐ ಎಲ್ಲಕ್ಕೂ ಅಲ್ಲ, ಮುಖ್ಯವಾಗಿ ಮೆದುಳಿಗೆ. ಬ್ರಿಟನ್ನಿನಲ್ಲಿ ನಡೆದ ಮೆರಿಡಿಯನ್ ಅಧ್ಯಯನದಲ್ಲಿ ಮೆದುಳಿನ ದೋಷಗಳ ನಿದಾನ ಅಲ್ಟ್ರಾಸೌಂಡಿನಲ್ಲಿ ನೂರಕ್ಕೆ 68 ಸರಿಯಾಗಿದ್ದುದು ಎಂಆರ್‌ಐ ಸೇರಿಸಿದಾಗ 93ಕ್ಕೆ ಏರಿತು. ಎರಡು ಮಗ್ಗುಲುಗಳನ್ನು ಜೋಡಿಸುವ ಕಾರ್ಪಸ್ ಕೆಲೋಸಮ್ ಇದೆಯೇ ಇಲ್ಲವೇ, ಹಿಮ್ಮೆದುಳಿನ ಸುತ್ತ ಏನಾಗಿದೆ ಎಂಬಂಥ ಪ್ರಶ್ನೆಗಳಿಗೆ ಅದು ಯೋಗ್ಯ. ಹೃದಯಕ್ಕೂ ಕೈಬೆರಳುಗಳಿಗೂ ಅಲ್ಟ್ರಾಸೌಂಡೇ ಮೇಲು.

ಇವೆಲ್ಲಕ್ಕಿಂತ ಮೊದಲು, ಖರ್ಚು ಕಡಿಮೆಯಿರುವ ಒಂದು ಹೆಜ್ಜೆ ಇದೆ, ಅದನ್ನು ಬಹಳ ಜನ ಬಿಡುತ್ತಾರೆ: ಆ ದೋಷವಿರುವ ಮಕ್ಕಳಿಗೆ ಚಿಕಿತ್ಸೆ ಮಾಡುವ ವೈದ್ಯರನ್ನು ಕಾಣುವುದು. ಮಕ್ಕಳ ಶಸ್ತ್ರಚಿಕಿತ್ಸಕರು, ಮಕ್ಕಳ ಹೃದ್ರೋಗ ತಜ್ಞರು ಇಂಥ ಮಕ್ಕಳು ಐದು, ಹತ್ತು ವರ್ಷದವರಾಗುವುದನ್ನು ಕಂಡಿರುತ್ತಾರೆ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಸರ್ಕಾರಿ ಸಂಸ್ಥೆಯಲ್ಲಿ ಒಂದು ಭೇಟಿಗೆ ತಗಲುವುದು ಓಡಾಟದ ಖರ್ಚಷ್ಟೇ ಎನ್ನಬಹುದು. "ಮಗು ಉಳಿಯುವುದಿಲ್ಲ" ಎಂದು ಸ್ಕ್ಯಾನ್ ಕೋಣೆಯಲ್ಲಿ ಕೇಳಿದ ಮಾತನ್ನು ಅಲ್ಲಿ ಒಮ್ಮೆ ತೂಗಿ ನೋಡಿಸಬೇಕು. ಹಾಗೆಯೇ "ಏನೂ ಆಗುವುದಿಲ್ಲ" ಎಂಬ ಮಾತನ್ನೂ.

ಕಾನೂನಿನ ಗಡಿಗಳು

1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯಂತೆ ನೋಂದಣಿಯಾದ ಕೇಂದ್ರದಲ್ಲಿ ಮಾತ್ರ ಸ್ಕ್ಯಾನ್ ಆಗಬೇಕು, ಪ್ರತಿ ಗರ್ಭಿಣಿಗೂ ಫಾರ್ಮ್ ಎಫ್ ತುಂಬಬೇಕು, ಮಗು ಗಂಡೋ ಹೆಣ್ಣೋ ಎಂದು ಮಾತಿನಲ್ಲಾಗಲಿ ಸನ್ನೆಯಲ್ಲಾಗಲಿ ಯಾರೂ ತಿಳಿಸುವಂತಿಲ್ಲ. ನೋಂದಣಿ ಪತ್ರ ಗೋಡೆಯ ಮೇಲೆ ಕಾಣದ ಕಡೆ ಸ್ಕ್ಯಾನ್ ಮಾಡಿಸಬೇಡಿ. ಬಸಿರು ತೆಗೆಯುವ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾಯಿತು. 20 ವಾರದವರೆಗೆ ಒಬ್ಬ ವೈದ್ಯರ, 20ರಿಂದ 24 ವಾರದವರೆಗೆ ನಿಯಮದಲ್ಲಿ ಹೇಳಿದ ಸಂದರ್ಭಗಳಲ್ಲಿ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಗಂಭೀರ ಭ್ರೂಣದೋಷ ಆ ಸಂದರ್ಭಗಳಲ್ಲಿ ಒಂದು. 24 ವಾರದ ನಂತರವೂ, ಗಣನೀಯ ದೋಷವಿದೆಯೆಂದು ವೈದ್ಯಕೀಯ ಮಂಡಳಿ ನಿರ್ಣಯಿಸಿದರೆ ಅವಕಾಶವಿದೆ; ಕೋರಿಕೆ ಬಂದ ಮೂರು ದಿನದೊಳಗೆ ಮಂಡಳಿ ಅಭಿಪ್ರಾಯ ಕೊಡಬೇಕು. ಆದ್ದರಿಂದ 24 ದಾಟಿತೆಂದು ಬಾಗಿಲು ಮುಚ್ಚಿಲ್ಲ, ಆದರೆ ದಾರಿ ಉದ್ದವಾಗುತ್ತದೆ, ಆ ದಾರಿಯಲ್ಲಿ ತಾಯಿಯ ಮೈಮನಸ್ಸುಗಳು ದಣಿಯುತ್ತವೆ.

ಯಾರಿಗೆ ಯಾವುದು

ಕೂಲಿ ಬಿಟ್ಟು ಒಂದು ದಿನ ಬರುವುದೂ ಕಷ್ಟ ಎನ್ನುವ ಕುಟುಂಬ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ದಿನ, ಅಂದರೆ ಪ್ರತಿ ತಿಂಗಳ 9ರಂದು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ತಪಾಸಣೆ ಪಡೆದು, ಐದನೇ ತಿಂಗಳ ಸ್ಕ್ಯಾನನ್ನು ಜಿಲ್ಲಾ ಆಸ್ಪತ್ರೆ ಅಥವಾ ಹತ್ತಿರದ ವೈದ್ಯಕೀಯ ಕಾಲೇಜಿನಲ್ಲಿ 18ರಿಂದ 20ನೇ ವಾರದಲ್ಲಿ ಮಾಡಿಸಿದರೆ, ಇರುವುದರಲ್ಲಿ ಅತ್ಯುತ್ತಮವಾದುದನ್ನು ಪಡೆದಂತೆ. ಎನ್‌ಟಿ ಸಾಧ್ಯವಾದರೆ ಒಳ್ಳೆಯದು. ಆಗದಿದ್ದರೆ ಅದಕ್ಕಾಗಿ ಕೊರಗದೆ, ಐದನೇ ತಿಂಗಳದ್ದನ್ನು ಮಾತ್ರ ತಪ್ಪಿಸಬಾರದು. ಸ್ವಲ್ಪ ಕೈಹಿಡಿತವಿದ್ದರೂ ನಡೆಸಬಲ್ಲೆವು ಎನ್ನುವವರಿಗೆ ಎನ್‌ಟಿ ಹಾಗೂ ಡಬಲ್ ಮಾರ್ಕರ್ ಊರಿನಲ್ಲಿ, ಅನಾಮಲಿ ಸ್ಕ್ಯಾನ್ ಫೀಟಲ್ ಮೆಡಿಸಿನ್ ತಜ್ಞರಲ್ಲಿ ಎಂಬ ಹಂಚಿಕೆ ಸರಿ. ಹಣದ ಚಿಂತೆಯಿಲ್ಲದವರು, ಅಥವಾ ತಾಯಿಗೆ 35 ದಾಟಿದ್ದು ಸೂಜಿ ಬೇಡವೆನ್ನುವವರು ಇದಕ್ಕೆ ಎನ್‌ಐಪಿಟಿ ಸೇರಿಸಬಹುದು.

ಇನ್ನೊಂದು ಗುಂಪಿನವರ ಬಗ್ಗೆ ಬೇರೆಯಾಗಿಯೇ ಹೇಳಬೇಕು. ನಮ್ಮ ಕಡೆ ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಇನ್ನೂ ಇದೆ. ಗಂಡಹೆಂಡತಿ ಇಬ್ಬರಿಗೂ ಒಂದೇ ಪೂರ್ವಜರಿಂದ ಬಂದ ಅಡಗಿದ ದೋಷವಿದ್ದಾಗ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ ಮಗುವಿಗೆ ಎರಡೂ ಕಡೆಯಿಂದ ಅದು ಸೇರುವುದು. ತಲೆಯ ಹಿಂಭಾಗದಲ್ಲಿ ಮೆದುಳಿನ ಚೀಲ, ದೊಡ್ಡದಾದ ಗುಳ್ಳೆಗಟ್ಟಿದ ಮೂತ್ರಪಿಂಡ, ಹೆಚ್ಚಿನ ಬೆರಳು ಒಟ್ಟಿಗೆ ಕಾಣುವ ಮೆಕೆಲ್ ಗ್ರೂಬರ್ ಸಿಂಡ್ರೋಮ್ ಇಂಥದ್ದು. ಎನ್‌ಐಪಿಟಿ ಇದನ್ನು ಕಾಣುವುದಿಲ್ಲ. ಪಳಗಿದವರು ಸ್ಕ್ಯಾನಿನಲ್ಲಿ ಬೇಗನೆ ಗುರುತಿಸಬಲ್ಲರು. ಇಂಥ ಮಗುವನ್ನು ಒಮ್ಮೆ ಕಳೆದುಕೊಂಡ ದಂಪತಿಗಳಿಗೆ ಮುಂದಿನ ಬಸಿರಿನ ಎಲ್ಲ ಆಯ್ಕೆಯೂ ಒಂದೇ ವಿಷಯದ ಮೇಲೆ ನಿಂತಿದೆ: ಆ ಮಗುವಿನ ದೋಷಕ್ಕೆ ಕಾರಣವಾದ ವಂಶವಾಹಿ ತಿಳಿದಿದೆಯೇ ಇಲ್ಲವೇ. ದುಃಖದ ಆ ಗಳಿಗೆಯಲ್ಲಿ ಮಗುವಿನ ಡಿಎನ್‌ಎ ತೆಗೆದಿಡಲು, ಸಾಧ್ಯವಾದರೆ ಫೋಟೋ, ಎಕ್ಸ್‌ರೇ ಮತ್ತು ಶವಪರೀಕ್ಷೆಗೆ ಒಪ್ಪಲು ಯಾರಾದರೂ ಮೃದುವಾಗಿ ಹೇಳಬೇಕು, ಏಕೆಂದರೆ ಆಮೇಲೆ ಅದು ಸಿಗುವುದಿಲ್ಲ. ಕಾರಣ ತಿಳಿದಿದ್ದರೆ ಮುಂದಿನ ಸಲ 11, 12ನೇ ವಾರದ ಸಿವಿಎಸ್ ಪರೀಕ್ಷೆಯಲ್ಲೇ ನೇರ ಉತ್ತರ ಸಿಗುತ್ತದೆ. ತಿಳಿಯದಿದ್ದರೆ 12, 16 ಮತ್ತು 19ನೇ ವಾರದಲ್ಲಿ ಒಬ್ಬರೇ ತಜ್ಞರಿಂದ, ಹಳೆಯ ವರದಿಗಳನ್ನೆಲ್ಲ ಅವರ ಮುಂದಿಟ್ಟು, ಸ್ಕ್ಯಾನ್ ಮಾಡಿಸಿಕೊಳ್ಳುವುದು ಉಳಿದ ದಾರಿ. ಆ ವರದಿಗಳ ಕಡತವನ್ನು ಬಸಿರು ನಿಂತ ಮೇಲೆ ಹುಡುಕಬೇಡಿ, ಅದಕ್ಕೆ ಮೊದಲೇ ತಳಿವೈದ್ಯರಿಗೆ ತೋರಿಸಿ ಬನ್ನಿ.